ಜ್ವರದ ದಿನ ಮತ್ತು ಗೋಡೆಯ ಗಡಿಯಾರ: ಮಳೆಗಾಲದ ಕ್ಯಾಶುವಾಲ್ಟಿಯಲ್ಲಿ ಅಧ್ಯಯನ ಮಾಡಿದ ಬಗೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಸಣ್ಣ ಆಸ್ಪತ್ರೆಗಳಿಗೆ ಮಳೆಗಾಲದಲ್ಲಿ ಬರುವ ಜ್ವರ ಒಂದೇ ಬಗೆಯದಲ್ಲ. ಡೆಂಗಿ, ಇಲಿಜ್ವರ, ಮಲೇರಿಯಾ, ಸ್ಕ್ರಬ್ ಟೈಫಸ್, ನ್ಯುಮೋನಿಯಾ, ಮೂತ್ರದ ಸೋಂಕು ಎಲ್ಲವೂ ಇರುತ್ತವೆ. ಮೊದಲೆರಡು ದಿನ ಎಲ್ಲದರ ಮುಖವೂ ಒಂದೇ: ಮೈಕೈ ನೋವು, ತಲೆನೋವು, ಚಳಿ. ನಮ್ಮ ಅಧ್ಯಯನದ ಪ್ರಶ್ನೆ ಚಿಕ್ಕದು. ಬಾಗಿಲಲ್ಲಿ ನಿಂತವರ ಪೈಕಿ 48 ಗಂಟೆಯೊಳಗೆ ಕೆಡುವವರು ಯಾರು ಎಂದು ಮೊದಲ ಹತ್ತು ನಿಮಿಷದಲ್ಲಿ ಹೇಳಬಹುದೇ? ‘ಕೆಡುವುದು’ ಎಂದರೆ ಏನೆಂದು ಮೊದಲೇ ಬರೆದಿಟ್ಟೆವು: ರಕ್ತದೊತ್ತಡ ಎತ್ತಲು ಮದ್ದಿನ ಡ್ರಿಪ್ ಬೇಕಾಗುವುದು, ವೆಂಟಿಲೇಟರ್, ಡಯಾಲಿಸಿಸ್, ಸಾವು. ಐಸಿಯುಗೆ ಹೋದದ್ದನ್ನು ಸೇರಿಸಲಿಲ್ಲ. ಹಾಸಿಗೆ ಖಾಲಿ ಇದ್ದ ದಿನ ಐಸಿಯುಗೆ ಹೋದವರು, ಇಲ್ಲದ ದಿನ ವಾರ್ಡಿನಲ್ಲೇ ಇರುತ್ತಾರೆ. ಅದು ರೋಗದ ಲೆಕ್ಕವಲ್ಲ, ಹಾಸಿಗೆಯ ಲೆಕ್ಕ.

ರೋಗಿಯ ವಿವರ ತುಂಬಿಸುವ ಹಾಳೆ ಎ4ನ ಅರ್ಧ, ಒಂದೇ ಬದಿ, 14 ಚೌಕ. ಮೊದಲು ಮೂರು ಪುಟ ಮಾಡಿದ್ದೆವು. ಕ್ಯಾಶುವಾಲ್ಟಿಯಲ್ಲಿ ಮೂರು ಪುಟವನ್ನು ಯಾರೂ ತುಂಬಿಸುವುದಿಲ್ಲ. ತುಂಬಿಸಿದರೆ ರಾತ್ರಿ ಪಾಳಿ ಮುಗಿದ ಮೇಲೆ ಒಟ್ಟಿಗೆ ಕೂತು, ಒಂದೇ ಪೆನ್ನಿನಲ್ಲಿ, ನೆನಪಿನಿಂದ ತುಂಬಿಸುತ್ತಾರೆ. ಪ್ರತಿ ಚೌಕದಲ್ಲೂ ‘ನೋಡಲಿಲ್ಲ’ ಎಂದು ಗುರುತು ಹಾಕುವ ಜಾಗ ಇರಬೇಕು. ಅದಿಲ್ಲದಿದ್ದರೆ ಖಾಲಿ ಚೌಕ ಎಂದರೆ ‘ಇಲ್ಲ’ವೋ, ‘ನೋಡಲಿಲ್ಲ’ವೋ ಆರು ತಿಂಗಳ ಬಳಿಕ ಯಾರಿಗೂ ಗೊತ್ತಾಗುವುದಿಲ್ಲ.

ಅತಿ ಹೆಚ್ಚು ಸುಳ್ಳು ಬರುವ ಚೌಕ ಉಸಿರಾಟದ್ದು. ಎಲ್ಲಿಯ ಚಾರ್ಟ್ ತೆಗೆದರೂ 18, 20, 20, 18. ಸೆಪ್ಸಿಸ್ ಎಂದರೆ ಸೋಂಕಿನಿಂದ ಅಂಗಗಳೇ ಕೆಡುವ ಸ್ಥಿತಿ. 2016ರ ಸೆಪ್ಸಿಸ್ ವ್ಯಾಖ್ಯೆಯ ಜೊತೆ ಬಂದ ಅಂಕಪಟ್ಟಿ ಕ್ಯೂಸೋಫಾದಲ್ಲಿ ಮೂರೇ ಅಂಶ: ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು, ಸಿಸ್ಟಾಲಿಕ್ (ಮೇಲಿನ) ಒತ್ತಡ 100 ಅಥವಾ ಕಡಿಮೆ, ಪ್ರಜ್ಞೆಯಲ್ಲಿ ವ್ಯತ್ಯಾಸ. ಎಣಿಸದೆ 20 ಬರೆದರೆ ಮೂರರಲ್ಲಿ ಒಂದು ಅಲ್ಲೇ ಸತ್ತಿತು. ‘ಸರಿಯಾಗಿ ಎಣಿಸಿ’ ಎಂದು ಹೇಳಿ ಪ್ರಯೋಜನವಾಗಲಿಲ್ಲ. ಚೌಕವನ್ನು ಎರಡು ಮಾಡಿದೆವು: ಮೊದಲ 30 ಸೆಕೆಂಡಿನಲ್ಲಿ ಎಷ್ಟು, ಮುಂದಿನ 30 ಸೆಕೆಂಡಿನಲ್ಲಿ ಎಷ್ಟು. ಒಂದು ಸಂಖ್ಯೆ ಊಹಿಸುವುದು ಸುಲಭ. 11, 13 ಎಂದು ಎರಡು ಸೃಷ್ಟಿಸುವುದಕ್ಕಿಂತ ಎಣಿಸುವುದೇ ಸುಲಭ. ಎಣಿಸುವಾಗ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದಿರಬೇಕು. ‘ಉಸಿರು ನೋಡುತ್ತೇನೆ’ ಎಂದರೆ ರೋಗಿಯ ಉಸಿರಿನ ಗತಿ ಬದಲಾಗುತ್ತದೆ. ಅಂದಹಾಗೆ, 2021ರ ಸೆಪ್ಸಿಸ್ ಮಾರ್ಗಸೂಚಿ ಕ್ಯೂಸೋಫಾ ಒಂದನ್ನೇ ನಂಬಿ ಜರಡಿ ಹಿಡಿಯಬೇಡಿ ಎಂದಿದೆ. ಅದರ ಅಂಕ ಎರಡು ಮುಟ್ಟುವ ಹೊತ್ತಿಗೆ ರೋಗಿ ನೋಡಿದರೇ ಗೊತ್ತಾಗುವಷ್ಟು ಕೆಟ್ಟಿರುವುದು ಹೆಚ್ಚು. ನಾವೂ ಅದನ್ನು ಒಂದು ಅಂಕಣವಾಗಿ ಮಾತ್ರ ಇಟ್ಟುಕೊಂಡೆವು.

ಅಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟನ್ನು ಅಳೆಯುವ ಯಂತ್ರ ಇಲ್ಲದ ಕಡೆ ಬೆರಳೇ ಯಂತ್ರ. 2019ರ ಆಂಡ್ರೊಮಿಡಾ-ಶಾಕ್ ಅಧ್ಯಯನದಲ್ಲಿ ಮಾಡಿದ ಕ್ರಮವನ್ನೇ ಹಿಡಿದೆವು: ಬಲಗೈ ತೋರುಬೆರಳಿನ ತುದಿಯ ಒಳಬದಿಗೆ ಲ್ಯಾಬಿನ ಗಾಜಿನ ಸ್ಲೈಡ್ ಇಟ್ಟು ಬಿಳಿಚುವವರೆಗೆ ಒತ್ತಿ, 10 ಸೆಕೆಂಡು ಹಿಡಿದು ಬಿಡುವುದು. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅಸಹಜ. ಇಲ್ಲಿ ಎಡವುವುದು ಮಳೆಯಿಂದ. ಬೈಕಿನಲ್ಲಿ ನೆನೆದು ಬಂದವರ ಕೈ ತಣ್ಣಗಿರುತ್ತದೆ, ಬಣ್ಣ ತಡವಾಗಿಯೇ ಮರಳುತ್ತದೆ. ಕೈ ಒರಸಿ, ಹೊದಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದ ಅಳತೆಯನ್ನೇ ಬರೆಯಬೇಕು. ಆ ಹತ್ತು ನಿಮಿಷ ಚಿಕಿತ್ಸೆ ಕಾಯಬಾರದು, ಅಳತೆ ಮಾತ್ರ ಕಾಯಲಿ.

ಈಗ ಗಡಿಯಾರ. ಬಂದ ಹೊತ್ತು, ವೈದ್ಯರು ನೋಡಿದ ಹೊತ್ತು, ರಕ್ತ ತೆಗೆದ ಹೊತ್ತು, ಮೊದಲ ಆಂಟಿಬಯೋಟಿಕ್ ಹೊತ್ತು: ನಾಲ್ಕು ಹೊತ್ತುಗಳ ನಡುವಿನ ಅಂತರವೇ ನಮ್ಮ ದತ್ತಾಂಶ. ಒಪಿ ಚೀಟಿಯ ಹೊತ್ತು ಕಂಪ್ಯೂಟರಿನದು, ಸಿಸ್ಟರ್ ಬರೆಯುವುದು ಗೋಡೆಯ ಗಡಿಯಾರ ನೋಡಿ, ಇಸಿಜಿ ಪಟ್ಟಿಯ ಮೇಲೆ ಯಂತ್ರದ ಹೊತ್ತು. ಮೂರೂ ಮೂರು ದಾರಿ. ಹಾಗಾಗಿಯೇ ರೋಗಿ ಬರುವ ಮೊದಲೇ ಮದ್ದು ಸಿಕ್ಕಿದ ದಾಖಲೆಗಳು ಹುಟ್ಟುವುದು. ಪ್ರತಿ ಸೋಮವಾರ ಬೆಳಿಗ್ಗೆ ಮೂರನ್ನೂ ಮೊಬೈಲಿನ ಹೊತ್ತಿಗೆ ಸರಿಮಾಡಿ ರುಜು ಹಾಕುವ ಕೆಲಸವನ್ನು ಒಬ್ಬರಿಗೇ ವಹಿಸಿದೆವು. ‘ಎಲ್ಲರೂ ನೋಡಿಕೊಳ್ಳಿ’ ಎಂದರೆ ಯಾರೂ ನೋಡುವುದಿಲ್ಲ.

ಹೊತ್ತು ಪ್ರಾಮಾಣಿಕವೋ ಎಂದು ತಿಳಿಯಲು ಒಂದು ಅಗ್ಗದ ಪರೀಕ್ಷೆ ಇದೆ. ನಿಮಿಷದ ಕೊನೆಯ ಅಂಕಿಗಳನ್ನು ಎಣಿಸಿ. ನಿಜವಾಗಿ ನೋಡಿ ಬರೆದರೆ 0 ಮತ್ತು 5ರಲ್ಲಿ ಮುಗಿಯುವವು ಒಟ್ಟು ನೂರಕ್ಕೆ 20ರ ಆಸುಪಾಸು ಇರಬೇಕು. 60, 70 ಬಂದರೆ ಅದು ಅಂದಾಜು. ಮೊದಲ ತಿಂಗಳ ನಮ್ಮ ಹಾಳೆಗಳು ಈ ಪರೀಕ್ಷೆಯಲ್ಲಿ ಬಿದ್ದವು. ಆ ತಿಂಗಳನ್ನು ಪೂರ್ತಿ ಕೈಬಿಟ್ಟೆವು. ಸೆಕೆಂಡಿನ ಮುಳ್ಳಿನ ಗಡಿಯಾರ ತೆಗೆದು ಅಂಕಿ ಕಾಣುವ ದೊಡ್ಡ ಡಿಜಿಟಲ್ ಗಡಿಯಾರ ಹಾಕಿದ ಮೇಲೆ ಬಹಳ ಸುಧಾರಿಸಿತು. ಮುಳ್ಳು ನೋಡಿದರೆ ಮನುಷ್ಯ ಐದೈದಕ್ಕೇ ಓದುವುದು.

ಗಡಿಯಾರಕ್ಕಿಂತಲೂ ಕಷ್ಟ ಜ್ವರದ ದಿನ. ಡೆಂಗಿಯ ವೈರಸ್ಸಿನ ಪ್ರೋಟೀನು ಹುಡುಕುವ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಕ್ಕೆ ಹೇಳಿದ್ದು. ಇಲಿಜ್ವರದ ಐಜಿಎಂ (ಮೈ ತಯಾರಿಸುವ ಪ್ರತಿಕಾಯ) ಸಾಮಾನ್ಯವಾಗಿ ಐದರಿಂದ ಏಳನೇ ದಿನದ ಮೇಲೆಯೇ ಕಾಣುವುದು, ಅದಕ್ಕೆ ಮೊದಲು ರೋಗಾಣುವಿನ ಡಿಎನ್‌ಎ ಹುಡುಕುವ ರಕ್ತದ ಪಿಸಿಆರ್. ಮೂರನೇ ದಿನ ಐಜಿಎಂ ನೆಗೆಟಿವ್ ಎಂದು ‘ಇಲಿಜ್ವರ ಅಲ್ಲ’ ಎಂದು ಬರೆದರೆ ಅಧ್ಯಯನ ಅಡಿಪಾಯದಲ್ಲೇ ಬಿರುಕು ಬಿಟ್ಟ ಹಾಗೆ. ನಾವು ಜ್ವರ ಸುರುವಾದ ದಿನವನ್ನೇ 1 ಎಂದು ಹಿಡಿದೆವು, ಹಾಳೆಯಲ್ಲಿ ಸಂಖ್ಯೆ ಬರೆಯಲು ಬಿಡದೆ ತಾರೀಕು ಬರೆಸಿದೆವು, ಲೆಕ್ಕ ನಾವೇ ಮಾಡಿದೆವು. ಎರಡನೇ ರಕ್ತವನ್ನು 10ರಿಂದ 14 ದಿನ ಬಿಟ್ಟು ತೆಗೆದು, ಇಲಿಜ್ವರದ ಪ್ರತಿಕಾಯದ ಮಟ್ಟ ಅಳೆಯುವ ಮ್ಯಾಟ್ ಪರೀಕ್ಷೆಗೆ ಕಳಿಸಬೇಕು. ಆ ಮಟ್ಟ ಮೊದಲ ರಕ್ತಕ್ಕಿಂತ ನಾಲ್ಕು ಪಟ್ಟು ಏರಿದರೆ ಸಂಶಯ ಉಳಿಯುವುದಿಲ್ಲ. ಆದರೆ ಗುಣವಾದವರು ಎರಡನೇ ಸಲ ಬರುವುದೇ ಅಪರೂಪ. ಮನೆಗೆ ಹೋಗಿ ತೆಗೆಯಲು ತಯಾರಿಲ್ಲದಿದ್ದರೆ ಆ ಪರೀಕ್ಷೆಯನ್ನು ಪ್ರೊಟೊಕಾಲ್‌ನಲ್ಲಿ ಬರೆಯಲೇಬೇಡಿ.

ತಾರೀಕು ಯಾರೂ ಹೇಳುವುದಿಲ್ಲ, ‘ಮೊನ್ನೆ’ ಎನ್ನುತ್ತಾರೆ. ಮೊನ್ನೆ ಎಂದರೆ ಎರಡು ದಿನವೂ ಆಗಬಹುದು, ಒಂದು ವಾರವೂ ಆಗಬಹುದು. ಊರಿನ ಗುರುತು ಹಿಡಿದು ಕೇಳಬೇಕು: ಶುಕ್ರವಾರದ ಜುಮ್ಮಾಕ್ಕೆ ಹೋಗಿದ್ದಿರಾ, ಆಟಿ ಅಮಾವಾಸ್ಯೆಯ ಕಷಾಯ ಕುಡಿದದ್ದು ಜ್ವರ ಬರುವ ಮೊದಲೋ ಆಮೇಲೋ, ತೋಟಕ್ಕೆ ಮದ್ದು ಬಿಟ್ಟ ದಿನ ಮೈ ಸರಿ ಇತ್ತಾ. ಈ ಕೊನೆಯದರಲ್ಲಿ ಒಂದು ಗುಂಡಿ ಇದೆ. ಹೊರಗಿನಿಂದ ಬಂದ ಹೌಸ್ ಸರ್ಜನ್ (ತರಬೇತಿಯ ವೈದ್ಯರು) ‘ಅಜ್ಜ, ಮದ್ದು ಬಿಟ್ಟದ್ದು ಯಾವಾಗ?’ ಎಂದು ಬಿಪಿ ಗುಳಿಗೆಯ ಬಗ್ಗೆ ಕೇಳುತ್ತಾರೆ. ಅಜ್ಜ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಿದ ತಾರೀಕು ಹೇಳುತ್ತಾರೆ. ಇಬ್ಬರಿಗೂ ಸಮಾಧಾನ, ಹಾಳೆ ಮಾತ್ರ ಹಾಳು. ‘ಗುಳಿಗೆ ನಿಲ್ಲಿಸಿದ್ದು’, ‘ಅಡಿಕೆಗೆ ಮದ್ದು ಬಿಟ್ಟದ್ದು’ ಎಂದು ಬಿಡಿಸಿ ಅಚ್ಚು ಹಾಕಿಸಿದೆವು.

ಸಂಪರ್ಕದ ಪ್ರಶ್ನೆಯೂ ಹಾಗೆಯೇ. ‘ಇಲಿ ಉಂಟಾ?’ ಎಂದರೆ ಎಲ್ಲರ ಮನೆಯಲ್ಲೂ ಉಂಟು. ಕೇಳಬೇಕಾದ್ದು: ಕಳೆದ ಒಂದು ತಿಂಗಳಲ್ಲಿ ಕಣಿ (ನೀರು ಹರಿಯುವ ಚರಂಡಿ) ಬಿಡಿಸಿದ್ದು, ಗದ್ದೆಗೆ ಇಳಿದದ್ದು, ಹಟ್ಟಿ ತೊಳೆದದ್ದು ಉಂಟಾ, ಆಗ ಕಾಲಲ್ಲಿ ಗಾಯ ಇತ್ತಾ. ಕಾಲನ್ನು ನೋಡಿಯೇ ಬರೆಯಬೇಕು. ಬೆರಳ ಸಂದಿಯ ಹುಣ್ಣನ್ನು ಗಾಯ ಎಂದು ಇಲ್ಲಿ ಯಾರೂ ಲೆಕ್ಕ ಹಿಡಿಯುವುದಿಲ್ಲ. ಕಣ್ಣು ಕೆಂಪಾಗಿದೆಯೇ, ಹಳದಿಯೇ ಎಂಬುದನ್ನು ಕಿಟಕಿಯ ಬೆಳಕಿನಲ್ಲಿ ನೋಡಬೇಕು. ಸ್ಕ್ರಬ್ ಟೈಫಸ್ಸಿನ ಕಪ್ಪು ಹಕ್ಕಳೆ ನೋಯುವುದಿಲ್ಲ, ತುರಿಸುವುದೂ ಕಡಿಮೆ, ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದಿ, ಸ್ತನದ ಕೆಳಗೆ, ಸೊಂಟದ ದಾರದ ಜಾಗ ನೋಡದೆ ‘ಇಲ್ಲ’ ಎಂದು ಬರೆದವರ ಹಾಳೆ ವಾಪಸ್.

ರಕ್ತದಲ್ಲಿನ ರೋಗಾಣುವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಆಂಟಿಬಯೋಟಿಕ್‌ಗೆ ಮೊದಲು, ಎರಡು ಬೇರೆ ಜಾಗದಿಂದ, ವಯಸ್ಕರಿಗೆ ಬಾಟಲಿಗೆ 8ರಿಂದ 10 ಮಿಲಿ. 3 ಮಿಲಿ ಹಾಕಿ ‘ಬೆಳೆಯಲಿಲ್ಲ’ ಎಂದರೆ ರೋಗಾಣು ಇರಲಿಲ್ಲ ಎಂದಲ್ಲ, ರಕ್ತ ಸಾಲಲಿಲ್ಲ ಎಂದು. ಖಾಲಿ ಬಾಟಲಿಯ ಮೇಲೆ ಎಲ್ಲಿಯವರೆಗೆ ತುಂಬಬೇಕೆಂದು ಪೆನ್ನಿನಲ್ಲಿ ಗೆರೆ ಎಳೆದಿಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ. 70% ಆಲ್ಕೋಹಾಲಿನಲ್ಲಿ 2% ಕ್ಲೋರ್‌ಹೆಕ್ಸಿಡಿನ್ ಹಾಕಿ 30 ಸೆಕೆಂಡು ಉಜ್ಜಿ, 30 ಸೆಕೆಂಡು ಒಣಗಲು ಬಿಡಿ. ಒಣಗುವುದಕ್ಕೆ ಕಾಯದೆ ಊದುವುದು, ಒರಸಿದ ಮೇಲೆ ಇನ್ನೊಮ್ಮೆ ನರ ಮುಟ್ಟಿ ನೋಡುವುದು: ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸ್ಟೆಫೈಲೊಕಾಕಸ್ ಬಾಟಲಿಗೆ ಹೋಗುವ ದಾರಿ ಇವೆರಡೇ ಹೆಚ್ಚು. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಆಲ್ಕೋಹಾಲಿನಲ್ಲಿ ಒರಸಬೇಕು. ಬಾಟಲಿ ಫ್ರಿಜ್ಜಿಗೆ ಹೋಗಬಾರದು. ರಾತ್ರಿಯದನ್ನು ‘ಹಾಳಾಗದಿರಲಿ’ ಎಂದು ಫ್ರಿಜ್ಜಿಗೆ ಇಡುವ ಒಳ್ಳೆಯ ಮನಸ್ಸಿನವರು ಪ್ರತಿ ಪಾಳಿಯಲ್ಲೂ ಇರುತ್ತಾರೆ. ಬರುವ ಮೊದಲು ಹೊರಗೆ ಸೂಜಿ ಹಾಕಿಸಿದ್ದರೆ ಅದಕ್ಕೂ ಒಂದು ಚೌಕ: ಆಂಟಿಬಯೋಟಿಕ್ ಆಗಿದ್ದರೆ ಕಲ್ಚರ್ ಕೆಡುತ್ತದೆ, ನೋವಿನ ಮದ್ದು ಡೈಕ್ಲೊಫಿನಾಕ್ ಆಗಿದ್ದರೆ ಕಿಡ್ನಿಯ ಲೆಕ್ಕ ಕೆಡುತ್ತದೆ.

ಒಪ್ಪಿಗೆಪತ್ರ ಕನ್ನಡ ಮತ್ತು ಮಲಯಾಳದಲ್ಲಿ. ಮಾತು ಮಾತ್ರ ತುಳು, ಬ್ಯಾರಿ, ಕೊಂಕಣಿ, ಹವ್ಯಕ, ಮರಾಠಿ. ಮನೆಯಲ್ಲಿ ಬ್ಯಾರಿ ಮಾತಾಡಿ ಕನ್ನಡ ಓದುವವರೂ, ತುಳು ಮಾತಾಡಿ ಮಲಯಾಳ ಮಾತ್ರ ಓದುವ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಯಾವ ಭಾಷೆಯಲ್ಲಿ ಓದಿ ಹೇಳಿದೆವು ಎಂಬುದನ್ನೂ ದಾಖಲಿಸಿದೆವು.

ವಿಶ್ಲೇಷಣೆಯಲ್ಲಿ ಎಲ್ಲರೂ ಬೀಳುವ ಒಂದು ಹಳ್ಳ ಇದೆ. ಬೇಗ ಆಂಟಿಬಯೋಟಿಕ್ ಸಿಕ್ಕಿದವರಲ್ಲೇ ಹೆಚ್ಚು ಜನ ಸತ್ತಂತೆ ಕಾಣುತ್ತದೆ. ಕಾರಣ ಸರಳ, ತೀರಾ ಕೆಟ್ಟು ಬಂದವರಿಗೇ ನಾವು ಓಡಿಹೋಗಿ ಕೊಡುವುದು. ಶಾಕ್ (ರಕ್ತದೊತ್ತಡ ಕುಸಿದು ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಇದ್ದವರನ್ನೂ ಇಲ್ಲದವರನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. 2021ರ ಮಾರ್ಗಸೂಚಿಯೂ ಗಡುವನ್ನು ಹಾಗೆಯೇ ಒಡೆದಿದೆ: ಶಾಕ್ ಇದ್ದರೆ ಒಂದು ಗಂಟೆಯೊಳಗೆ, ಸೆಪ್ಸಿಸ್ ಇರಬಹುದು ಎಂಬ ಸಂಶಯ ಮಾತ್ರ ಇದ್ದು ಶಾಕ್ ಇಲ್ಲದಿದ್ದರೆ ಬೇಗ ಪರೀಕ್ಷೆ ಮುಗಿಸಿ, ಸಂಶಯ ಉಳಿದರೆ ಮೂರು ಗಂಟೆಯೊಳಗೆ.

ಇನ್ನೊಂದು ಹಳ್ಳ ಗಡಿಯದು. ಇಲ್ಲಿ ಸ್ಥಿತಿ ಕೆಟ್ಟವರು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಆ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟೆಂದು ಎಲ್ಲರೂ ಕಂಡರು. ಹೋದವರನ್ನು ‘ರೆಫರ್’ ಎಂದು ಬರೆದು ಕೈಬಿಟ್ಟರೆ ಅತಿ ಕೆಟ್ಟವರೇ ಲೆಕ್ಕದಿಂದ ಮಾಯ, ನಮ್ಮ ಆಸ್ಪತ್ರೆಯ ಸಾವು ಕಡಿಮೆ. 28ನೇ ದಿನ ಫೋನ್ ಮಾಡುವುದೇ ದಾರಿ. ಎರಡು ನಂಬರ್ ತೆಗೆದುಕೊಳ್ಳಿ, ಒಂದು ಮನೆಯಲ್ಲಿ ಉಳಿಯುವವರದು. ಗಲ್ಫಿನಲ್ಲಿರುವ ಮಗನ ನಂಬರ್ ಉಪಯೋಗವಿಲ್ಲ ಅಂದುಕೊಂಡಿದ್ದೆವು. ಬೇಗ ಎತ್ತುವುದು ಅವನೇ, ಅದೂ ವಾಟ್ಸಾಪಿನಲ್ಲಿ.

ನೆರೆ ಬಂದು ಶಾಲೆಯಲ್ಲಿ ಶಿಬಿರ ತೆರೆದರೆ ಇದೇ ಹಾಳೆ ನಡೆಯುವುದಿಲ್ಲ, ಉದ್ದ ಪಟ್ಟಿ ಪುಸ್ತಕ ಬೇಕು. 2018ರ ಆಗಸ್ಟಿನ ನೆರೆಯ ಬಳಿಕ ಕೇರಳದಲ್ಲಿ ಇಲಿಜ್ವರ ಏರಿದಾಗ ಊರೂರಿಗೆ ಹಂಚಿದ್ದು ಡಾಕ್ಸಿಸೈಕ್ಲಿನ್: ನೀರಿಗೆ ಇಳಿಯುವ ವಯಸ್ಕರಿಗೆ ವಾರಕ್ಕೊಮ್ಮೆ 200 ಮಿಗ್ರಾಂ, ಅಂದರೆ 100ರ ಎರಡು ಗುಳಿಗೆ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಅದಲ್ಲ, ಅವರ ವಿಷಯ ವೈದ್ಯರೇ ತೀರ್ಮಾನಿಸಬೇಕು. ಖಾಲಿ ಹೊಟ್ಟೆಗೆ, ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಗುಳಿಗೆ ಅನ್ನನಾಳದಲ್ಲಿ ಅಂಟಿ ಸುಡುತ್ತದೆ. ಮರುದಿನ ‘ಎದೆನೋವು’ ಎಂದು ಇಸಿಜಿ ಮಾಡಿಸಲು ಬರುತ್ತಾರೆ. ಮಧ್ಯಾಹ್ನದ ಗಂಜಿಯ ಸಾಲಿನಲ್ಲೇ, ಊಟ ಆದವರಿಗೆ ಲೋಟ ತುಂಬ ನೀರಿನ ಜೊತೆ, ಕಣ್ಣೆದುರೇ ನುಂಗಿಸಿದೆವು. ಕೈಗೆ ಕೊಟ್ಟದ್ದು ಮತ್ತು ನುಂಗಿದ್ದು ಎರಡು ಬೇರೆ ಅಂಕಣ. ಕೊಟ್ಟದ್ದನ್ನೇ ನುಂಗಿದ್ದು ಎಂದು ಬರೆದರೆ ‘ಗುಳಿಗೆ ಕೆಲಸ ಮಾಡಲಿಲ್ಲ’ ಎಂಬ ತಪ್ಪು ತೀರ್ಮಾನ ಬರುತ್ತದೆ.

ನೀರು ಇಳಿದ ಮೇಲೆ ಬಾವಿಗೆ ಕ್ಲೋರಿನ್ ಹಾಕುವ ಲೆಕ್ಕ. ವ್ಯಾಸದ ವರ್ಗವನ್ನು ನೀರಿನ ಆಳದಿಂದಲೂ 3.14ರಿಂದಲೂ ಗುಣಿಸಿ 4ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಲೀಟರ್ (ಅಳತೆ ಮೀಟರಿನಲ್ಲಿ). 2 ಮೀಟರ್ ವ್ಯಾಸ, 3 ಮೀಟರ್ ನೀರು ಇದ್ದರೆ 9420 ಲೀಟರ್. ಸಾಮಾನ್ಯ ದಿನದಲ್ಲಿ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ನೆರೆಯ ಬಳಿಕ ಅದರ ಇಮ್ಮಡಿ, ಅಂದರೆ ಈ ಬಾವಿಗೆ ಸುಮಾರು 47 ಗ್ರಾಂ. ಪೌಡರನ್ನು ನೇರ ಸುರಿಯಬಾರದು. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಆ ಬಕೆಟನ್ನು ಬಾವಿಯ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆಯ ಮೇಲೆ ಉಳಿಕೆ ಕ್ಲೋರಿನ್ ಲೀಟರಿಗೆ 0.5 ಮಿಗ್ರಾಂ ಇರಬೇಕು. ಬಾಯಿ ತೆರೆದಿಟ್ಟ ಚೀಲದ ಪೌಡರ್ ಮಳೆಗಾಲದ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ತೂಕ ಸರಿ, ಉಳಿಕೆ ಸೊನ್ನೆ ಬಂದರೆ ಮೊದಲು ಚೀಲ ನೋಡಿ. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿಗೆ ಈ ಲೆಕ್ಕ ನಡೆಯುವುದಿಲ್ಲ, ಅದು ಹರಿಯುತ್ತಲೇ ಇರುತ್ತದೆ. ಸುರಂಗದ ನೀರು ಬಂದು ಬೀಳುವ ಟ್ಯಾಂಕಿಗೆ, ಒಳಹರಿವು ತಿರುಗಿಸಿಟ್ಟು, ಟ್ಯಾಂಕಿನ ಲೀಟರ್ ಲೆಕ್ಕಕ್ಕೇ ಹಾಕಬೇಕು.