ಬೇರೆ ಮನೆಯಿಂದ ಬಂದ ಅಂಜುಬುರುಕ ಬೆಕ್ಕನ್ನು ಒಗ್ಗಿಸಿಕೊಳ್ಳುವ ಬಗೆ

ಸಾಕಿದವರು ವಿದೇಶಕ್ಕೆ ಹೊರಟರು, ಬಾಡಿಗೆ ಮನೆಯ ಮಾಲೀಕರು ಪ್ರಾಣಿ ಬೇಡವೆಂದರು, ಮನೆಯಲ್ಲಿ ಯಾರಿಗೋ ಅಲರ್ಜಿ ಶುರುವಾಯಿತು ಎಂಬಂಥ ಕಾರಣಗಳಿಂದ, ನಾಲ್ಕೈದು ವರ್ಷ ಒಂದೇ ಮನೆಯಲ್ಲಿ ಬೆಳೆದ ಬೆಕ್ಕು ಇದ್ದಕ್ಕಿದ್ದಂತೆ ಬೇರೆಯವರ ಮನೆ ಸೇರಬೇಕಾಗುತ್ತದೆ. ಮರಿಯಾಗಿದ್ದರೆ ಒಂದೆರಡು ದಿನ ಕೂಗಾಡಿ ಆಮೇಲೆ ಕಾಲಿಗೆ ಸುತ್ತಿಕೊಂಡು ಓಡಾಡುತ್ತದೆ. ಬೆಳೆದ ಬೆಕ್ಕಿನ ವಿಷಯ ಹಾಗಲ್ಲ. ಸೋಫಾದ ಅಂಚಿಗೆ, ಬಾಗಿಲ ಚೌಕಟ್ಟಿಗೆ, ಮನೆಯವರ ಕಾಲಿಗೆ ಕೆನ್ನೆ ಉಜ್ಜಿ ಉಜ್ಜಿ ಅದು ತನ್ನ ವಾಸನೆಯ ಗುರುತನ್ನು ಮನೆಯಿಡೀ ಹಚ್ಚಿರುತ್ತದೆ. ಆ ಗುರುತುಗಳೆಲ್ಲ ಒಂದೇ ದಿನ ಇಲ್ಲವಾದಾಗ ಅದಕ್ಕೆ ತೋಚುವ ದಾರಿ ಒಂದೇ, ಎಲ್ಲಾದರೂ ಅಡಗಿಕೊಳ್ಳುವುದು. ಬೆಕ್ಕು ಅಡಗುವುದನ್ನು ನಾವು ತಡೆಯಲಾಗದು, ತಡೆಯಲೂ ಬಾರದು. ಎಲ್ಲಿ ಅಡಗಬೇಕು ಎಂಬುದನ್ನು ಮಾತ್ರ ಮೊದಲೇ ನಿರ್ಧರಿಸಿಟ್ಟುಕೊಳ್ಳಬಹುದು, ಮತ್ತು ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿತು. ಪ್ರಾಣಿಗಳ ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟು ಉಳಿದವಕ್ಕೆ ಕೊಡದೆ ನೋಡಿದಾಗ, ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಮೊದಲ ದಿನಗಳಲ್ಲಿ ಕಡಿಮೆ ಒತ್ತಡದಲ್ಲಿದ್ದವು ಮತ್ತು ಹೊಸ ಜಾಗಕ್ಕೆ ಬೇಗ ಹೊಂದಿಕೊಂಡವು. ನಮಗೆ ಬೇಕಾದ ಪೆಟ್ಟಿಗೆಗೆ ಖರ್ಚೇ ಇಲ್ಲ: ದಿನಸಿ ಬಂದ ರಟ್ಟಿನ ಡಬ್ಬಕ್ಕೆ ಎರಡು ಕಡೆ ಬಾಗಿಲು ಕತ್ತರಿಸಿ, ಒಳಗೆ ಹಳೆಯ ಮನೆಯಿಂದ ತಂದ ತೊಳೆಯದ ಹೊದಿಕೆಯನ್ನೋ ಟವೆಲನ್ನೋ ಹಾಸಿದರೆ ಸಾಕು. ಎರಡು ಬಾಗಿಲು ಬೇಕು, ಏಕೆಂದರೆ ಒಂದೇ ದಾರಿಯ ಗೂಡಿನಲ್ಲಿ ಕೂತ ಬೆಕ್ಕು, ಎದುರಿಗೆ ಯಾರಾದರೂ ಬಂದರೆ ಸಿಕ್ಕಿಬಿದ್ದೆ ಎಂದುಕೊಂಡು ಪರಚುತ್ತದೆ.

ಈ ಪೆಟ್ಟಿಗೆಯನ್ನು ಇಡುವ ಕೋಣೆ ಚಿಕ್ಕದಿರಲಿ ಮತ್ತು ಅಡುಗೆಮನೆಯಿಂದ ದೂರವಿರಲಿ. ಕುಕ್ಕರಿನ ವಿಷಲ್ಲು, ಮಿಕ್ಸಿಯ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಹೊಸ ಬೆಕ್ಕಿಗೆ ಅವು ಸಿಡಿಲಿನಂತೆ ಕೇಳಿಸುತ್ತವೆ. ಬೆಕ್ಕು ಬರುವ ಮೊದಲೇ ನೆಲದ ಮಟ್ಟಕ್ಕೆ ಬಗ್ಗಿ ಕೋಣೆಯನ್ನು ಒಮ್ಮೆ ನೋಡಬೇಕು. ದಿವಾನದ ಕೆಳಗಿನ ಖಾನೆ, ಬೀರುವಿನ ಹಿಂದಿನ ಸಂದು, ಮೇಲಿನ ಅಟ್ಟ, ಹೀಗೆ ಕೈಗೆ ಎಟುಕದ ಜಾಗಗಳನ್ನೆಲ್ಲ ಮುಚ್ಚಬೇಕು. ಮಂಚದ ಕೆಳಗಿನ ಜಾಗ ತೆರೆದಿದ್ದರೂ ಚಿಂತೆಯಿಲ್ಲ. ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡಲು ಮರಳನ್ನೋ ಲಿಟರ್ ಎಂಬ ಹರಳುಗಳನ್ನೋ ತುಂಬಿಡುವ ತಟ್ಟೆ) ಒಂದು ಮೂಲೆಯಲ್ಲಿರಲಿ, ಊಟದ ತಟ್ಟೆ ಅದಕ್ಕೆ ಎದುರಿನ ಮೂಲೆಯಲ್ಲಿರಲಿ, ನೀರಿನ ಅಗಲ ಬಟ್ಟಲು ಇವೆರಡರಿಂದಲೂ ಸ್ವಲ್ಪ ದೂರವಿರಲಿ. ಹಳೆಯ ಮನೆಯಲ್ಲಿ ಮರಳು ಬಳಸುತ್ತಿದ್ದರೆ ಇಲ್ಲೂ ಮರಳೇ ಇರಬೇಕು. ಸುವಾಸನೆಯ ದುಬಾರಿ ಲಿಟರ್ ನಮ್ಮ ಮೂಗಿಗೆ ಹಿತವೇ ಹೊರತು ಬೆಕ್ಕಿಗಲ್ಲ. ಅಗರಬತ್ತಿ, ಸಾಂಬ್ರಾಣಿಯ ಹೊಗೆಯನ್ನು ಈ ಕೋಣೆಗೆ ತರಬಾರದು. ಫಿನಾಯಿಲ್ ಹಾಕಿ ನೆಲ ಒರೆಸುವುದನ್ನಂತೂ ಇಡೀ ಮನೆಯಲ್ಲೇ ಬಿಡಬೇಕು, ಏಕೆಂದರೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಕರಗಿಸಿ ಹೊರಹಾಕಲಾರದು, ಮತ್ತು ನೆಲದ ಮೇಲೆ ನಡೆದ ಪಾದವನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಕೆಲಸದವರಿಗೆ ಇದನ್ನು ಮೊದಲ ದಿನವೇ ತಿಳಿಸಿಡುವುದು ಒಳ್ಳೆಯದು.

ಕರೆತರುವ ದಿನವನ್ನು ಯೋಚಿಸಿ ಆರಿಸಬೇಕು. ದೀಪಾವಳಿಯ ಹಿಂದುಮುಂದಿನ ವಾರಗಳಲ್ಲಿ, ಮನೆಗೆ ನೆಂಟರು ಬರುವ ಸಮಯದಲ್ಲಿ ತರಲೇಬಾರದು. ಬೆಕ್ಕನ್ನು ಕೂರಿಸಿ ತರುವ ಪೆಟ್ಟಿಗೆಯ, ಅಂದರೆ ಕ್ಯಾರಿಯರಿನ ಮೇಲೆ ತೆಳು ಬಟ್ಟೆ ಹೊದಿಸಿ ನೇರವಾಗಿ ಕೋಣೆಗೆ ಒಯ್ದು, ಅದರ ಬಾಗಿಲು ತೆರೆದಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಹೊರಬರಬೇಕು. ಎತ್ತಿ ತೆಗೆಯುವುದು, ಮಕ್ಕಳನ್ನು ಸುತ್ತ ಕೂರಿಸುವುದು, ವಿಡಿಯೊ ಕರೆಯಲ್ಲಿ ಅಜ್ಜಿಗೆ ತೋರಿಸುವುದು ಇವೆಲ್ಲ ಇನ್ನೊಂದು ತಿಂಗಳಿಗೆ ಇರಲಿ.

ಮೊದಲ ವಾರದಲ್ಲಿ ಬೆಕ್ಕು ನಮ್ಮನ್ನು ಇಷ್ಟಪಟ್ಟಿತೋ ಇಲ್ಲವೋ ಎಂದು ನೋಡುವ ಬದಲು ತಟ್ಟೆಯನ್ನೂ ಟ್ರೇಯನ್ನೂ ನೋಡಬೇಕು. ಹಗಲೆಲ್ಲ ಮಂಚದ ಕೆಳಗಿದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ತಿಂದು ಟ್ರೇ ಬಳಸಿದ್ದರೆ ಎಲ್ಲವೂ ಸರಿಯಾಗಿದೆ ಎಂದೇ ಅರ್ಥ. ಒಂದು ಪೂರ್ತಿ ದಿನ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಬೇಕು. ಉಪವಾಸ ಎರಡನೆಯ ದಿನ ದಾಟಲು ಬಿಡಬಾರದು. ಊಟ ನಿಂತಾಗ ಬೆಕ್ಕಿನ ದೇಹ ಕೊಬ್ಬನ್ನು ಯಕೃತ್ತಿಗೆ ಸಾಗಿಸತೊಡಗುತ್ತದೆ, ಅಲ್ಲಿ ಅದು ತುಂಬಿಕೊಂಡು ಪ್ರಾಣಕ್ಕೇ ಕುತ್ತು ತರಬಹುದು, ಮತ್ತು ಈ ಅಪಾಯ ದಪ್ಪ ಬೆಕ್ಕುಗಳಿಗೆ ಹೆಚ್ಚು. ಹಳೆಯ ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಅದೇ ಹೊತ್ತಿಗೆ ಕೊಡಬೇಕು. ಸ್ವಲ್ಪ ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೀನಿನ ನೀರನ್ನು ಎರಡು ಚಮಚ ಬೆರೆಸಿದರೂ ಆದೀತು. ಹಾಲು ಬೇಡ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ. ಸಸ್ಯಾಹಾರಿ ಮನೆಯವರು ಒಂದು ಮಾತನ್ನು ಬೇಸರವಿಲ್ಲದೆ ಒಪ್ಪಿಕೊಳ್ಳಬೇಕು: ಮೊಸರನ್ನದಲ್ಲಿ ಬೆಕ್ಕು ಆರೋಗ್ಯವಾಗಿರಲಾರದು, ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ಇಲ್ಲದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಅಡುಗೆಮನೆಗೆ ಮೀನು ತರುವುದು ಕಷ್ಟವಾದರೆ ಪೊಟ್ಟಣದ ಬೆಕ್ಕಿನ ಆಹಾರವಿದೆ.

ಟ್ರೇಯ ಕಡೆ ಗಮನವಿಡಲು ಇನ್ನೊಂದು ಕಾರಣವಿದೆ. ಹೆದರಿದ ಗಂಡು ಬೆಕ್ಕಿಗೆ ಮೂತ್ರನಾಳ ಕಟ್ಟಿಕೊಳ್ಳುವುದುಂಟು. ಟ್ರೇಗೆ ಪದೇ ಪದೇ ಹೋಗಿ ಮುಕ್ಕರಿಸಿ ಹನಿಯೂ ಬರದೆ ವಾಪಸಾಗುತ್ತಿದ್ದರೆ ಅದನ್ನು ಮಲಬದ್ಧತೆ ಎಂದುಕೊಂಡು ಕಾಯದೆ, ಆಗಿಂದಾಗಲೇ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಪರಿಚಯದ ಮಾತು. ದಿನಕ್ಕೆ ಎರಡು ಮೂರು ಸಲ ಕೋಣೆಗೆ ಹೋಗಿ ನೆಲದ ಮೇಲೆ, ಬೆಕ್ಕಿಗೆ ಪಕ್ಕವಾಗಿ ಕೂತು, ಪತ್ರಿಕೆಯನ್ನು ಮೆಲುದನಿಯಲ್ಲಿ ಓದುತ್ತ ಕಾಲು ಗಂಟೆ ಕಳೆದರೆ ಸಾಕು. ದಿಟ್ಟಿಸಿ ನೋಡಬಾರದು. ಕಣ್ಣು ಕೂಡಿದಾಗ ನಿಧಾನವಾಗಿ ರೆಪ್ಪೆ ಇಳಿಸಿ ಮತ್ತೆ ತೆರೆಯಬೇಕು. ಹೀಗೆ ಮಾಡಿದವರಿಗೆ ಬೆಕ್ಕುಗಳು ತಾವೂ ಹಾಗೆಯೇ ಉತ್ತರಿಸುವುದನ್ನು ಮತ್ತು ಅಪರಿಚಿತರಾದರೂ ಅವರ ಕೈಯ ಬಳಿಗೆ ಬರುವುದನ್ನು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ದಾಖಲಿಸಿದ್ದಾರೆ. ಹತ್ತಿರ ಬಂದರೆ ಮಡಚಿದ ಬೆರಳೊಂದನ್ನು ಅದರ ಮೂಗಿನ ಮಟ್ಟದಲ್ಲಿ ಚಾಚಿ ಕಾಯಬೇಕು. ಮೂಸಿ, ಕೆನ್ನೆಯನ್ನು ತಾನೇ ಬೆರಳಿಗೆ ಒತ್ತಿದರೆ ಕೆನ್ನೆ, ಗದ್ದ, ಕಿವಿಯ ಬುಡ ಇಷ್ಟನ್ನು ಮಾತ್ರ ಕೆರೆಯಬಹುದು. ಎರಡು ಮೂರು ಸಲ ಕೆರೆದು ಕೈ ಹಿಂದಕ್ಕೆಳೆದು ನೋಡಬೇಕು: ಇನ್ನೂ ಬೇಕಿದ್ದರೆ ತಲೆಯನ್ನು ಮುಂದೆ ತರುತ್ತದೆ. ಬಾಲದ ತುದಿ ಪಟಪಟನೆ ಬಡಿಯತೊಡಗಿದರೆ, ಬೆನ್ನಿನ ಚರ್ಮ ಅಲೆಯಂತೆ ಅದುರಿದರೆ, ಕಿವಿಗಳು ಪಕ್ಕಕ್ಕೆ ಚಪ್ಪಟೆಯಾದರೆ, ಬೆಳಕಿದ್ದರೂ ಕಣ್ಣಿನ ಪಾಪೆ ದೊಡ್ಡದಾಗಿಯೇ ಉಳಿದರೆ ಆ ಹೊತ್ತಿಗೆ ಸಾಕು ಎಂದು ಎದ್ದುಬಿಡಬೇಕು. ಬುಸುಗುಟ್ಟಿದರೆ ಬೈಯಬಾರದು, ಅದು ಕಚ್ಚುವ ಮೊದಲು ಕೊಡುವ ಎಚ್ಚರಿಕೆ, ಬೈಸಿಕೊಂಡ ಬೆಕ್ಕು ಮುಂದಿನ ಸಲ ಎಚ್ಚರಿಸದೆಯೇ ಕಚ್ಚುತ್ತದೆ.

ಮೂರು ದಿನ ಗಾಬರಿ, ಮೂರು ವಾರ ಪರಿಚಯ, ಮೂರು ತಿಂಗಳಿಗೆ ಮನೆಯ ಬೆಕ್ಕು ಎಂಬ ಲೆಕ್ಕವನ್ನು ಸಾಕುವವರು ಹೇಳುತ್ತಾರೆ. ಅದು ಅಂದಾಜು ಮಾತ್ರ. ತೀರ ಅಂಜುವ ಬೆಕ್ಕು ಇನ್ನೂ ಹೆಚ್ಚು ಕಾಲ ತೆಗೆದುಕೊಂಡರೆ ಅವಸರಪಡಿಸಬಾರದು. ಕೋಣೆಯೊಳಗೆ ಬಾಲವೆತ್ತಿ ಓಡಾಡಿ, ನಾವು ಹೋದಾಗ ಎದುರು ಬರತೊಡಗಿದ ಮೇಲೆ ಮನೆಯ ಸದ್ದಡಗಿದ ಹೊತ್ತಿನಲ್ಲಿ ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಪಕ್ಕದ ಒಂದು ಕೋಣೆಯನ್ನಷ್ಟೇ ತೋರಿಸಬೇಕು. ಓಡಿ ಹಿಂತಿರುಗಲು ದಾರಿ ಸದಾ ತೆರೆದಿರಬೇಕು. ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಎರಡು ವಾರವಾದರೂ ಮುಖಾಮುಖಿ ಬೇಡ: ಹೊಸಬೆಕ್ಕಿನ ಲಸಿಕೆ, ಆರೋಗ್ಯ ತಪಾಸಣೆ ಮುಗಿಯಬೇಕು, ಇಬ್ಬರ ಹಾಸಿಗೆಯ ಬಟ್ಟೆಗಳನ್ನು ಅದಲುಬದಲು ಮಾಡಬೇಕು, ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಒಂದೇ ಹೊತ್ತಿಗೆ ಊಟವಿಟ್ಟು ವಾಸನೆಯನ್ನು ರೂಢಿಸಬೇಕು.

ಕಡೆಯದಾಗಿ ಬಾಗಿಲು ಕಿಟಕಿಗಳ ಕಾಳಜಿ. ಪಾರಿವಾಳ ತಡೆಯಲು ಬಾಲ್ಕನಿಗೆ ಕಟ್ಟುವ ನೈಲಾನ್ ಬಲೆಯನ್ನು ಬೆಕ್ಕು ಹಲ್ಲಿನಿಂದ ಕಡಿದು ದಾರಿ ಮಾಡಿಕೊಳ್ಳಬಲ್ಲದು. ಉಕ್ಕಿನ ಜಾಲರಿಯೇ ಬೇಕು. ಕನಿಷ್ಠ ನಾಲ್ಕು ವಾರ ಬೆಕ್ಕನ್ನು ಹೊರಗೆ ಬಿಡಬಾರದು. ಹಳೆಯ ಮನೆ ಹತ್ತಿರವಿದ್ದರೆ ಅದು ರಸ್ತೆಗಳನ್ನು ದಾಟಿ ಅಲ್ಲಿಗೇ ಹೊರಟುಬಿಡುತ್ತದೆ. ಹಾಲಿನವರಿಗೋ ಕೊರಿಯರಿನವರಿಗೋ ಬಾಗಿಲು ತೆರೆದಾಗ ನುಸುಳಿಹೋದರೆ ಬೀದಿಬೀದಿ ಕೂಗುತ್ತ ಅಲೆಯುವ ಮೊದಲು ಅದೇ ಕಟ್ಟಡದ ಮೆಟ್ಟಿಲ ಕೆಳಗೆ, ನಿಂತ ವಾಹನಗಳ ಅಡಿಯಲ್ಲಿ, ಪಂಪ್ ಕೋಣೆಯಲ್ಲಿ, ಅಕ್ಕಪಕ್ಕದ ಮನೆಗಳ ಸಂದಿಗಳಲ್ಲಿ ಹುಡುಕಬೇಕು. ಹೆದರಿದ ಬೆಕ್ಕು ಸಾಮಾನ್ಯವಾಗಿ ದೂರ ಹೋಗದೆ, ಕರೆದರೂ ಸದ್ದು ಮಾಡದೆ ಕೂತಿರುತ್ತದೆ. ನಡುರಾತ್ರಿಯ ನಂತರ ಟಾರ್ಚ್ ಹಿಡಿದು ಹೋದರೆ ಅದರ ಕಣ್ಣು ಹೊಳೆದು ಇರುವ ಜಾಗ ತಿಳಿಯುತ್ತದೆ, ಮತ್ತು ದಿನವೂ ಊಟ ಹಾಕುತ್ತಿದ್ದ ತಟ್ಟೆಯನ್ನೇ ಒಯ್ದು ಬಡಿದರೆ ಹೊರಬರುವ ಸಾಧ್ಯತೆ ಹೆಚ್ಚು.