ಮೊದಲು ಬಂಗಾರ ತೂಗಿಸಿದೆವು

ಧಾರವಾಡದಲ್ಲಿ ಹದಿನಾಲ್ಕು ವರ್ಷದಿಂದ ಗಂಡ-ಹೆಂಡತಿ ಕೇಸು ನಡೆಸುತ್ತಿದ್ದೇನೆ. ಒಬ್ಬರ ಮೇಲೊಬ್ಬರು ಒಂದು ಸಾಲಿನ ಆರೋಪವನ್ನೂ ಬರೆಯದೆ, ಮೊದಲ ಮಾತಿನಿಂದ ಡಿಕ್ರಿವರೆಗೆ ಸುಮಾರು ಐದು ತಿಂಗಳಲ್ಲಿ ಒಂದು ವಿಚ್ಛೇದನ ಮುಗಿಸಿದೆ. ಇದು ಮೂರನೇ ಪ್ರಯತ್ನ. ಮೊದಲೆರಡರಲ್ಲಿ ಮಣ್ಣು ಮುಕ್ಕಿದ್ದೆ. ಹೀಗೆ ಮಾಡುತ್ತೇನೆ ಅಂದಾಗ ಬಾರ್ ರೂಮಿನಲ್ಲಿ ಸೀನಿಯರ್ ಒಬ್ಬರು, "ನಿಮ್ಮ ಹೊಟ್ಟಿ ಮ್ಯಾಲ ನೀವ ಕಲ್ಲ ಹಾಕ್ಕೊಳ್ಳಾಕತ್ತೀರಲ್ರೀ ಮೇಡಂ" ಎಂದು ನಕ್ಕಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಪಾರ್ಟಿಗಳ ಗುರುತು ಸಿಗದಂತೆ ಅಲ್ಲಲ್ಲಿ ವಿವರ ಬದಲಿಸಿದ್ದೇನೆ.

ಪದ್ಧತಿಗೆ ಇಂಗ್ಲಿಷಿನಲ್ಲಿ 'ಕೊಲ್ಯಾಬರೇಟಿವ್ ಡೈವೋರ್ಸ್' ಅಂತಾರೆ, ಅಂದರೆ ಎರಡೂ ಕಡೆಯವರು ಕೂತು ಮಾತಾಡಿಯೇ ಮುಗಿಸುವ ವಿಚ್ಛೇದನ. ಇಬ್ಬರು ಪಾರ್ಟಿ, ಇಬ್ಬರು ವಕೀಲರು, ಒಂದೇ ಟೇಬಲ್. ಮಧ್ಯಸ್ಥಗಾರ ಇಲ್ಲ. ಮಾತು ಮುರಿದು ಕೋರ್ಟಿನಲ್ಲಿ ಜಗಳ ಶುರುವಾದರೆ ಇಬ್ಬರೂ ವಕೀಲರು ಕಡತ ಬಿಟ್ಟು ಎದ್ದು ಹೋಗಬೇಕು. 1990ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸ್ಟು ವೆಬ್ ಎಂಬ ವಕೀಲರು ಶುರು ಮಾಡಿದ್ದು. ನಮ್ಮಲ್ಲಿ ಇದಕ್ಕೆ ಬೇರೆ ಕಾನೂನಿಲ್ಲ, ಕೊನೆಗೆ ಹೋಗಿ ಸೇರುವುದು ಹಿಂದೂ ವಿವಾಹ ಕಾಯ್ದೆಯ 13-ಬಿಗೇ, ಅಂದರೆ ಇಬ್ಬರ ಒಪ್ಪಿಗೆಯ ವಿಚ್ಛೇದನಕ್ಕೇ. ಎದ್ದು ಹೋಗುವ ಆ ಷರತ್ತೇ ಎಲ್ಲರಿಗೂ ಹುಚ್ಚಾಗಿ ಕಾಣುವುದು. ನಮ್ಮ ಫೀಸನ್ನೇ ನಾವು ಪಣಕ್ಕೆ ಇಟ್ಟಂತೆ, ಅಲ್ವಾ?

ಮೊದಲ ಸಲ ಆ ಷರತ್ತನ್ನು ಬಾಯಿಮಾತಿನಲ್ಲಿ ಬಿಟ್ಟಿದ್ದೆ. ಎದುರಿನ ವಕೀಲರು ಪರಿಚಯದವರು, ಕಾಗದ ಯಾಕೆ ಅಂದುಕೊಂಡೆ. ನಾಲ್ಕನೇ ಬೈಠಕ್ ಆದ ಮೇಲೆ ಕ್ರೌರ್ಯದ ಅರ್ಜಿ ಬಿತ್ತು. ನಮ್ಮ ಹುಡುಗಿ ಟೇಬಲ್ ಮುಂದೆ ಅತ್ತು ಹೇಳಿದ ಮಾತುಗಳೇ ಅದರಲ್ಲಿ ಪ್ಯಾರಾ ಪ್ಯಾರಾ ಆಗಿ ಕೂತಿದ್ದವು. ನಾನು ಮಾತಿನಂತೆ ಕಡತ ಬಿಟ್ಟೆ, ತೆಗೆದುಕೊಂಡ ಹತ್ತು ಸಾವಿರದಲ್ಲಿ ಅರ್ಧ ವಾಪಸ್ ಕೊಟ್ಟೆ. ಈಗ ಮೊದಲ ಚಹಾ ಬರುವ ಮುಂಚೆ ಎರಡು ಪುಟಕ್ಕೆ ನಾಲ್ವರ ಸಹಿ ಬೀಳುತ್ತದೆ. ಒಂದು, ವಕೀಲರು ಬಿಡುವುದು. ಇನ್ನೊಂದು, ಇಲ್ಲಿ ಆಡಿದ ಮಾತು ಕೋರ್ಟಿಗೆ ಹೋಗಬಾರದು. ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ಸಹಿ ಮಾಡುತ್ತಾರೆ, ಓದುವುದಿಲ್ಲ.

ಎರಡನೆಯದು ಇನ್ನೂ ನೋವಿನದು. ಜೀವನಾಂಶ, ಮಗು, ಮನೆ ಎಲ್ಲ ಮುಗಿದು ಮೊದಲ ಅರ್ಜಿಯೂ ಬಿದ್ದಿತ್ತು. ಬಂಗಾರದ ವಿಷಯ ಮಾತ್ರ 'ಆಮೇಲೆ ನೋಡೋಣ' ಎಂದು ಉಳಿದಿತ್ತು. ಮೊದಲ ಅರ್ಜಿಗೂ ಕೋರ್ಟಿನಲ್ಲಿ ಕೊಡುವ ಎರಡನೇ ಹೇಳಿಕೆಗೂ ನಡುವೆ ಕಾನೂನಿನಂತೆ ಆರು ತಿಂಗಳು ಕಾಯುವಾಗ ಹುಡುಗಿಯ ಸೋದರಮಾವ ಊರಿಂದ ಬಂದು "ಬಂಗಾರ ಎಲ್ಲದ?" ಅಂದರು. ಅಷ್ಟೇ. ಎರಡನೇ ಹೇಳಿಕೆಗೆ ಮುಂಚೆ ಆಕೆ ಒಪ್ಪಿಗೆ ವಾಪಸ್ ತೆಗೆದುಕೊಂಡಳು. ಸುಪ್ರೀಂ ಕೋರ್ಟ್ 1991ರಲ್ಲೇ ಸುರೇಷ್ಟಾ ದೇವಿ ಕೇಸಿನಲ್ಲಿ ಆ ಹಕ್ಕು ಇದೆ ಎಂದಿದೆ, ನಾನೇನು ಮಾಡಲಿ? ನಾನು ಬಿಟ್ಟ ಕಡತ ಹಿಡಿದವರು ಎರಡು ವರ್ಷ ತಾರೀಖು ನಡೆಸಿದರು. ಕ್ಯಾಂಟೀನಿನಲ್ಲಿ ಸಿಕ್ಕಾಗ ಈಗಲೂ ಚಹಾ ಕುಡಿಸುತ್ತಾರೆ.

ಹಾಗಾಗಿ ಮೂರನೆಯದರಲ್ಲಿ ಬಂಗಾರದಿಂದಲೇ ಶುರು. ಹುಡುಗ ಹುಬ್ಬಳ್ಳಿ, ಹುಡುಗಿ ಹಾವೇರಿ ಕಡೆಯವಳು. ಆಕೆಯ ತಾಯಿ ಹದಿನೆಂಟು ತೊಲ ಹಾಕಿದ್ದೇವೆ ಅಂತಾರೆ. ಹುಡುಗನ ಅಜ್ಜಿ ಹದಿನೈದೂವರೆ ತೊಲದ ಮೇಲೆ ಒಂದು ಗುಂಜಿ ಇರಲಿಲ್ಲ ಅಂತಾರೆ. ಕಳ್ಳತನದ ಮಾತು ಬಂತು, ಎಲ್ಲರೂ ಎದ್ದು ನಿಂತರು. ಇಬ್ಬರಿಗೂ ಸಂಬಂಧವಿಲ್ಲದ ಪತ್ತಾರರ ಅಂಗಡಿಗೆ ಕರೆದುಕೊಂಡು ಹೋಗಿ ತಕ್ಕಡಿಗೆ ಹಾಕಿಸಿದೆವು. 162 ಗ್ರಾಂ ಬಂತು. ಉಳಿದ ಸುಮಾರು ಹದಿನೆಂಟು ಗ್ರಾಂ ಬೋರ್ ಕೊರೆಸುವಾಗ ಮಾರಿದ್ದು, ಅದು ಗಂಡ-ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಹಾಗಾದರೆ ಹಿರಿಯರ ಲೆಕ್ಕದಲ್ಲಿ ಎರಡೂವರೆ ತೊಲ ವ್ಯತ್ಯಾಸ ಯಾಕೆ? ತಾಯಿಯದು ಈಗಿನ ಅಂಗಡಿ ತೊಲ, ಹತ್ತು ಗ್ರಾಂನದು. ಅಜ್ಜಿಯದು ಹಳೇ ತೊಲ, 11.66 ಗ್ರಾಂನದು. ಎರಡನ್ನೂ ಗುಣಿಸಿ ನೋಡಿ, 180ರ ಆಸುಪಾಸೇ ಬರುತ್ತದೆ. ಮೂರು ವರ್ಷ ಮಾತು ಬಿಟ್ಟಿದ್ದ ಎರಡು ಮನೆಗಳು ಒಂದೇ ಅಂಕಿಗೆ ಜಗಳ ಆಡುತ್ತಿದ್ದವು! ಇದನ್ನು ಹಿಡಿದವಳು ನಾನೇ. ಸ್ವಲ್ಪ ಜಂಬ ಇರಲಿ ಬಿಡಿ.

ಆಸ್ತಿ-ಸಾಲದ ಲೆಕ್ಕಕ್ಕೆ ಸುಪ್ರೀಂ ಕೋರ್ಟಿನ 2020ರ ರಜನೇಶ್-ನೇಹಾ ತೀರ್ಪಿನ ಅಫಿಡವಿಟ್ ನಮೂನೆಯನ್ನೇ ಟೇಬಲ್‌ಗೆ ತಂದೆ. ಕೋರ್ಟ್ ಕೇಳುವ ಮುಂಚೆಯೇ ಇಬ್ಬರೂ ತುಂಬಿ ತಂದರು. ಒಬ್ಬ ಸಿಎ ಇಬ್ಬರ ಪರವಾಗಿಯೂ ನೋಡಿದರು. ಅವರಿಗೆ ಎಂಟು ಸಾವಿರ, ಅರ್ಧರ್ಧ. ಜೀವನಾಂಶ ಹನ್ನೊಂದು ಲಕ್ಷಕ್ಕೆ ನಿಂತಿತು. ಒಪ್ಪಂದದ ದಿನ ಮೂರು, ಮೊದಲ ಅರ್ಜಿಗೆ ನಾಲ್ಕು, ಕೊನೆಗೆ ನಾಲ್ಕು ಲಕ್ಷದ ಒಂದು ಡಿಡಿ. ಆ ಕೊನೆಯ ಡಿಡಿ ಕೊಡುವವರೆಗೆ ಅದು ಯಾರ ಕೈಯಲ್ಲಿರಬೇಕು ಎನ್ನುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಎದುರಿಗೆ ಕೂತಾಗ ನೋಡಿಕೊಳ್ಳಿ.

ಮಗಳಿಗೆ ಏಳು ವರ್ಷ. ಮಗುವಿನ ಏರ್ಪಾಡನ್ನು ಬರೆಯುವ ಮುಂಚೆ ಆರು ವಾರ ನಡೆಸಿ ನೋಡಿದೆವು. ಪ್ರತಿ ಶನಿವಾರ ಹಾವೇರಿಯಿಂದ ಹುಬ್ಬಳ್ಳಿಗೆ, ಭಾನುವಾರ ಸಂಜೆ ವಾಪಸ್. ಬಸ್ಸಿನಲ್ಲಿ ಎಪ್ಪತ್ತು ಕಿಲೋಮೀಟರ್ ಮೇಲೇ ಆಗುತ್ತದೆ. ಮೊದಲ ವಾರ ಕೂಸು ವಾಂತಿ ಮಾಡಿಕೊಂಡಿತು. ಮೂರನೇ ವಾರ ಬರುವುದಿಲ್ಲ ಎಂದು ಹಟ ಹಿಡಿಯಿತು. ಕೊನೆಗೆ ಒಂದನೇ, ಮೂರನೇ ಶನಿವಾರ ಮಾತ್ರ, ಅದೂ ಅಪ್ಪನೇ ಹೋಗಿ ಕರೆತರುವುದು ಎಂದಾಯಿತು. ಮೊದಲೇ ಬರೆದಿದ್ದರೆ ಎರಡೇ ತಿಂಗಳಿಗೆ ಮುರಿಯುತ್ತಿತ್ತು.

ಹನ್ನೊಂದು ಲಕ್ಷ ಒಂದೇ ಬೈಠಕ್‌ನಲ್ಲಿ ಮುಗಿದಿತ್ತು. ನಾಗಪಂಚಮಿಗೆ ಎರಡು ಬೈಠಕ್ ಬೇಕಾದವು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಉಂಡಿ, ಜೋಕಾಲಿ ಎಲ್ಲ ತವರಿನಲ್ಲೇ ಆಗಬೇಕು. "ಆಕಿ ತವರ ಹಾವೇರಿ ಖರೆ, ನನ್ನ ಮಗಳ ತವರ ನನ್ನ ಮನಿ ಅಲ್ಲೇನ್ರೀ?" ಎಂದ ಹುಡುಗ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪಂಚಮಿ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಎಂದು ಬರೆದೆವು. ದೀಪಾವಳಿ ಬಗ್ಗೆ ಯಾರೂ ಕೇಳಲೇ ಇಲ್ಲ. ಮಗಳ ಹೆಸರಿಗೆ ಸುಕನ್ಯಾ ಸಮೃದ್ಧಿ ಖಾತೆ ತೆಗೆದು ಅಪ್ಪ ತಿಂಗಳಿಗೆ ಎರಡು ಸಾವಿರ ತುಂಬುವುದು, ಅದು ಬೇರೆ. ಹತ್ತು ವರ್ಷ ತುಂಬುವ ಮುಂಚೆ ತೆಗೆಯಬೇಕು, ಮರೆಯಬೇಡಿ.

ಮಧ್ಯದಲ್ಲಿ ಕೆಲವು ಪ್ರಯೋಗ ಮಾಡಿದೆ. ಫೋನೆಲ್ಲ ರೊಟ್ಟಿ ಬುಟ್ಟಿಯಲ್ಲಿ ಹಾಕಿಸಿದೆ, ಅದು ಫಲಿಸಿತು. ಒಟ್ಟಿಗೆ ಊಟಕ್ಕೆ ಕೂಡಿಸಿದೆ, ಅದು ಕೆಟ್ಟಿತು. ಎಣಗಾಯಿ ಪಲ್ಯಕ್ಕೆ ಖಾರ ಹೆಚ್ಚಾಯಿತು ಅನ್ನುವುದರಿಂದ ಶುರುವಾಗಿ ಅತ್ತೆ ಮನೆ ಅಡುಗೆವರೆಗೆ ಹೋಯಿತು. ಹಿರಿಯರನ್ನು ಹೊರಗೆ ಇಡಲು ನೋಡಿದೆ, ಅದು ಸಾಧ್ಯವೇ ಇಲ್ಲ. ಅವರಿಗೆ ಒಂದು ಬೈಠಕ್ ಪೂರ್ತಿ ಕೊಟ್ಟು ಬಿಡಿ, ಆಮೇಲೆ ಸುಮ್ಮನಿರುತ್ತಾರೆ. ಹೊಡೆತ-ಬಡಿತ ಇರುವ ಕಡೆ ಮಾತ್ರ ನಾನು ಈ ದಾರಿ ಹಿಡಿಯುವುದಿಲ್ಲ. ಹೆದರಿದವರನ್ನು ಹೆದರಿಸಿದವರ ಎದುರು ಕೂಡಿಸಿ ಚೌಕಾಸಿ ಮಾಡಿಸುವುದು ನನಗೆ ಆಗದು.

ಅರ್ಜಿ ಹಾಕುವ ಹೊತ್ತಿಗೆ ಇಬ್ಬರೂ ಬೇರೆಯಾಗಿ ಇಪ್ಪತ್ತು ತಿಂಗಳಾಗಿತ್ತು. ಆರು ತಿಂಗಳು ಕಾಯುವುದರಿಂದ ವಿನಾಯಿತಿ ಕೇಳಲು ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪು ಇದೆ. ಅದು ಕೇಳುವ ಹದಿನೆಂಟು ತಿಂಗಳು ದಾಟಿತ್ತು, ಮಗು, ದುಡ್ಡು ಎರಡೂ ಇತ್ಯರ್ಥವಾಗಿದ್ದವು. ಒಂದು ವಾರ ಬಿಟ್ಟು ವಿನಾಯಿತಿ ಅರ್ಜಿ ಕೊಟ್ಟೆವು. ತಿಂಗಳೊಳಗೆ ಡಿಕ್ರಿ ಬಂತು.

ಫೀಸಿನ ಮಾತು. ಬೈಠಕ್‌ಗೆ ಎರಡೂವರೆ ಸಾವಿರ, ಏಳು ಬೈಠಕ್. ಕರಡು, ಕೋರ್ಟ್ ಕೆಲಸ ಹತ್ತು ಸಾವಿರ. ಸಿಎ ಸೇರಿ ಪ್ರತಿ ಪಾರ್ಟಿಗೆ ಮೂವತ್ತೊಂದು-ಮೂವತ್ತೆರಡು ಸಾವಿರ ಬಿದ್ದಿರಬೇಕು. ಜಗಳದ ಕೇಸಾಗಿದ್ದರೆ ಮೂರು ವರ್ಷದಲ್ಲಿ ನನಗೆ ಅರವತ್ತು-ಎಪ್ಪತ್ತು ಸಿಗುತ್ತಿತ್ತು, ಅದೂ ಬಾಕಿ ವಸೂಲಿ ಮಾಡುತ್ತಾ. ತಾಸಿನ ಲೆಕ್ಕ ಹಾಕಿದರೆ ಇದೇ ಜಾಸ್ತಿ. ಸೀನಿಯರ್‌ಗೆ ಈ ಲೆಕ್ಕ ತೋರಿಸಿದೆ, ಕನ್ನಡಕ ಇಳಿಸಿ ಎರಡು ಸಲ ಓದಿದರು.

ಈಗ ಇನ್ನೊಂದು ಜೋಡಿ ಬಂದಿದೆ, ನವಲಗುಂದ ಕಡೆಯವರು. ಬಂಗಾರ ಮೊದಲ ದಿನವೇ ತೂಗಿಯಾಯಿತು. ಆದರೆ ಹೊಲ ಇನ್ನೂ ಅಪ್ಪ, ಕಾಕಾ, ಅಣ್ಣ ಎಲ್ಲರ ಹೆಸರಿನಲ್ಲಿ ಕೂಡಿಯೇ ಇದೆ. ಬರುವ ಭಾನುವಾರ ಕಾಕಾನಿಗೊಂದು ಪೂರ್ತಿ ಬೈಠಕ್ ಇಟ್ಟಿದ್ದೇನೆ.