ಕೀ ಕೊಡುವ ಮುಂಚೆ ಊದಿಸುತ್ತೇನೆ

ನನ್ನವು ಏಳು ಗಾಡಿ. ಕಲಬುರಗಿಯ ನೆಹರು ಗಂಜ್‌ನಿಂದ ತೊಗರಿಬೇಳೆ ತುಂಬಿಕೊಂಡು ಹೈದರಾಬಾದ್, ಸೋಲಾಪುರ ಕಡೆ ಓಡುತ್ತವೆ. ಹೊಸ ಡ್ರೈವರ್ ಬಂದರೆ ಮೊದಲು ಅವನ ದಾಖಲೆ ನೋಡುತ್ತೇನೆ. ಕೆಲಸಕ್ಕೆ ಸೇರಿದ ಮೇಲೆ ದಿನಾ ಬೆಳಿಗ್ಗೆ, ಕುಡಿದಿದ್ದಾನಾ ಅಂತ ಉಸಿರಿನಲ್ಲಿ ಹೇಳುವ ಮೀಟರ್ ಊದಿದರೇನೇ ಕೀ. ಎರಡು ವರ್ಷದ ಹಿಂದೆ ಇದನ್ನು ಶುರು ಮಾಡಿದಾಗ ಗಂಜ್‌ನಲ್ಲಿ ನಕ್ಕವರೇ ಜಾಸ್ತಿ. "ಹಿಂಗ ಮಾಡಿದ್ರ ಒಬ್ಬ ಡ್ರೈವರೂ ನಿಂದ್ರಂಗಿಲ್ಲ, ಸ್ಟೇರಿಂಗ್‌ಗೆ ನೀನೇ ಕುಂಡ್ರಬೇಕಾಗ್ತದ" ಅಂದರು. ಹಾಗೆ ಅಂದವರಲ್ಲೇ ಇಬ್ಬರು ಈಗ ಡ್ರೈವರನ್ನು ನನ್ನ ಹತ್ತಿರ ಕಳಿಸಿ "ಜರಾ ನೋಡ್ರಿ" ಅಂತಾರೆ.

ಇದಕ್ಕೆಲ್ಲ ಕಾರಣ ಕಮಲಾಪುರದ ಆಚೆ ಇರುವ ಒಂದು ಮೋರಿ. ರಾತ್ರಿ ನನ್ನ ಗಾಡಿ ಅದಕ್ಕೆ ಗುದ್ದಿ ಮಗ್ಗುಲಾಯಿತು. ಯಾರಿಗೂ ಏನೂ ಆಗಲಿಲ್ಲ, ಅದೇ ಪುಣ್ಯ. ರಕ್ತ ಪರೀಕ್ಷೆಯಲ್ಲಿ ಡ್ರೈವರ್ ಕುಡಿದಿದ್ದ ಅಂತ ಬಂತು. ಇನ್ಶೂರೆನ್ಸ್ ಕಂಪನಿಯಿಂದ ಒಂದು ಪತ್ರ, ಗಾಡಿಯ ಡ್ಯಾಮೇಜ್ ಕ್ಲೇಮ್ ರಿಜೆಕ್ಟ್. ರಿಪೇರಿಗೆ ಎರಡು ಮುಕ್ಕಾಲು ಲಕ್ಷದ ಮೇಲಾಯಿತು, ಹಾಳಾದ ಬೇಳೆ ಅರವತ್ತೋ ಎಪ್ಪತ್ತೋ ಸಾವಿರ. ಎರಡು ತಿಂಗಳು ಗಾಡಿ ನಿಂತಿತ್ತು, ಕಂತು ಮಾತ್ರ ನಿಲ್ಲಲಿಲ್ಲ. ಕೋರ್ಟಿನಲ್ಲಿ ಅವನಿಗೆ 10,000 ದಂಡ. ಅವನ ಹೆಂಡತಿ ಬಂದು ಅತ್ತಳು ಅಂತ ಅದನ್ನೂ ನಾನೇ ಕಟ್ಟಿದೆ. ಆಮೇಲೆ ನೋಡಿದರೆ ಅವನು ಹೈದರಾಬಾದಿನಲ್ಲೂ ಒಮ್ಮೆ ಸಿಕ್ಕಿಬಿದ್ದವನಂತೆ. ಇದು ನನಗೊಬ್ಬನಿಗೇ ಗೊತ್ತಿರಲಿಲ್ಲ!

ಆಗ ಒಬ್ಬ ಏಜೆಂಟನ ಹತ್ತಿರ ಹೋದೆ. ಡ್ರೈವರನ ಪೂರ್ತಿ ಹಿಸ್ಟರಿ ತೆಗೆಸಿಕೊಡ್ತೀನಿ ಅಂತ 1,500 ತಗೊಂಡ. ಕೊಟ್ಟಿದ್ದು ಡ್ರೈವಿಂಗ್ ಲೈಸೆನ್ಸ್ ವಿವರ ಇರುವ ಸರ್ಕಾರದ ಸಾರಥಿ ವೆಬ್‌ಸೈಟಿನ ಒಂದು ಪ್ರಿಂಟ್. ಡಿಎಲ್ ನಂಬರ್, ಹುಟ್ಟಿದ ತಾರೀಖು ಹಾಕಿದರೆ ಯಾರಿಗಾದರೂ ಸುಮ್ನೆ ಬರುತ್ತದೆ ಅದು.

ಈಗ ಡ್ರೈವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವನ ಮೊಬೈಲ್‌ನಲ್ಲೇ ತೆಗೆಯುತ್ತೇನೆ. ಓಟಿಪಿ ಕೇಳಿದರೆ ಅದು ಅವನಿಗೇ ಬರಬೇಕಲ್ಲ. ಕೆಲವರು ಅಷ್ಟು ಹೇಳಿದ ಕೂಡಲೇ ಚಹಾ ಕುಡಿದು ಬರ್ತೀನಿ ಅಂತ ಹೋದವರು ತಿರುಗಿ ಬರಲೇ ಇಲ್ಲ. ಅಲ್ಲಿಗೆ ಅರ್ಧ ಕೆಲಸ ಮುಗೀತು. ಡಿಎಲ್ ಆಕ್ಟಿವ್ ಇದ್ದರೆ ಸಾಲದು, ಲಾರಿಯಂಥ ಬಾಡಿಗೆ ಗಾಡಿ ಓಡಿಸಲು ಬೇಕಾದ ಟ್ರಾನ್ಸ್‌ಪೋರ್ಟ್ ತಾರೀಖು ಬೇರೆ ಇರುತ್ತದೆ, ಅದನ್ನು ನೋಡಬೇಕು. ಒಬ್ಬನ ಕಾರ್ಡಿನಲ್ಲಿ 2036ರ ತನಕ ಅಂತ ಇತ್ತು. ಅದು ನಾನ್-ಟ್ರಾನ್ಸ್‌ಪೋರ್ಟ್. ಟ್ರಾನ್ಸ್‌ಪೋರ್ಟ್ ಮುಗಿದು ಒಂದೂವರೆ ವರ್ಷ ಆಗಿತ್ತು. ಅಂಥವನಿಗೆ ಗಾಡಿ ಕೊಟ್ಟರೆ ಮಾಲೀಕನಿಗೇ 5,000 ದಂಡ.

ಆಮೇಲೆ ಇ-ಚಲನ್. ಇಲ್ಲಿ ನಾನು ಆರು ತಿಂಗಳು ಮೋಸ ಹೋದೆ. ಚಲನ್ ಖಾಲಿ ಇದ್ದರೆ ಮನುಷ್ಯ ಸಾಚಾ ಅಂದುಕೊಂಡಿದ್ದೆ. ಕುಡಿದು ಓಡಿಸಿದ ಕೇಸು ಕೋರ್ಟಿಗೆ ಹೋಗುತ್ತದೆ, ಹೆಲ್ಮೆಟ್ ದಂಡದ ಹಾಗೆ ರಸ್ತೆಯಲ್ಲೇ ಮುಗಿಯುವುದಲ್ಲ. ಮೇಲಿಂದ ತೆಲಂಗಾಣ, ಮಹಾರಾಷ್ಟ್ರದ ಚಲನ್‌ಗಳಿಗೆ ಬೇರೆಬೇರೆ ವೆಬ್‌ಸೈಟು. ನಮ್ಮ ಗಾಡಿಗಳು ಗಡಿ ದಾಟದ ದಿನವೇ ಇಲ್ಲ. ಹಾಗಾಗಿ ಅವನು ಹಿಂದೆ ಓಡಿಸಿದ ಗಾಡಿಯ ನಂಬರ್ ಕೇಳಿ ಅದನ್ನೂ ಹಾಕುತ್ತೇನೆ. ಕೊನೆಗೆ ಕೋರ್ಟ್ ಕೇಸು ನೋಡುವ ಇ-ಕೋರ್ಟ್ಸ್‌ನಲ್ಲಿ ಹೆಸರು. ಬಸವರಾಜ ಅನ್ನೋದನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದಿರುತ್ತಾರೆ, ನಾಲ್ಕೂ ಹಾಕಿ ನೋಡಬೇಕು. ಒಂದೇ ಹೆಸರಿನವರು ರಾಶಿ ಬರುತ್ತಾರೆ, ತಂದೆಯ ಹೆಸರು ಹೊಂದಿಸದೆ ಯಾರನ್ನೂ ಕಳ್ಳ ಅನ್ನಬಾರದು. ಇಷ್ಟಾದ ಮೇಲೆ ಹಳೇ ಮಾಲೀಕರಿಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ಎಲ್ಲರೂ ಉತ್ತರ ರೆಡಿ ಇಟ್ಟುಕೊಳ್ತಾರೆ, ಬೇಡ.

ಮೀಟರ್ ಕಥೆ ಇನ್ನೂ ಉದ್ದ. ಮೊದಲು 900 ರೂಪಾಯಿಯದು ತಂದೆ. ಮೇ ತಿಂಗಳ ಬಿಸಿಲಿಗೆ ಅದಕ್ಕೇ ತಲೆ ಕೆಟ್ಟಿತೋ ಏನೋ, ಹಾಲು ಮಾತ್ರ ಕುಡಿಯುವ ನಮ್ಮ ಮುನೀಮರಿಗೂ 0.02 ತೋರಿಸಿತು. ಆಮೇಲೆ ಫ್ಯೂಯೆಲ್ ಸೆಲ್ ಇರುವುದು, ಹನ್ನೊಂದು ಸಾವಿರದ ಆಸುಪಾಸು. ಅದರಲ್ಲಿ ಇನ್ನೊಂದು ಫಜೀತಿ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ ಲೆಕ್ಕದಲ್ಲಿ 0.03. ನನ್ನ ಮೀಟರ್ ಉಸಿರಿನ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸುತ್ತಿತ್ತು. ಆ ಲೆಕ್ಕದಲ್ಲಿ ಮಿತಿ 0.14ರ ಹತ್ತಿರ. ಎಂಟು ದಿನ ನಾನು 0.09 ಬಂದವರನ್ನೆಲ್ಲ ಮನೆಗೆ ಕಳಿಸಿದೆ. ಒಬ್ಬ ಒಳ್ಳೆ ಡ್ರೈವರ್ ಸಿಟ್ಟಾಗಿ ಬೇರೆ ಕಡೆ ಸೇರಿಕೊಂಡ. ಅದು ಈಗಲೂ ಕೊರೆಯುತ್ತದೆ.

ಕೈಗೆ ಮೀಟರ್ ಬಂದ ಮೇಲೆ ಕೈ ಸುಮ್ಮನಿರುತ್ತದಾ? ಬಾಯಿ ಮುಕ್ಕಳಿಸುವ ಔಷಧಿ ಹಾಕಿ ಊದಿದೆ, ದೊಡ್ಡ ಕುಡುಕನ ನಂಬರ್ ಬಂತು. ಹದಿನೈದು ನಿಮಿಷ ಬಿಟ್ಟು ಊದಿದರೆ ಸೊನ್ನೆ. ಅದಕ್ಕೇ ನೀರು ಮುಕ್ಕಳಿಸಿ, ಕಾಯಿಸಿ, ಎರಡನೇ ಸಲ ಊದಿಸುವ ಪದ್ಧತಿ ಇಟ್ಟಿದ್ದೇನೆ. ಹುಳಿ ಬಂದ ಅಂಬಲಿಗೆ ಏನೂ ಬರಲಿಲ್ಲ. ಅಕ್ಕನ ಗಂಡನ ಮೇಲೂ ಒಂದು ಪ್ರಯೋಗ ಆಯ್ತು. ರಾತ್ರಿ ಹನ್ನೊಂದರ ತನಕ ಒಂದೂವರೆ ಕ್ವಾರ್ಟರ್, ಬೆಳಿಗ್ಗೆ ಆರಕ್ಕೆ ಶೇಕಡಾ ಲೆಕ್ಕದಲ್ಲಿ 0.05. "ನಾ ಠೀಕ್ ಅದೀನಲೋ" ಅಂತ ಅವರ ವಾದ. ಸ್ನಾನ ಮಾಡಿದರು, ಚಹಾ ಕುಡಿದರು, ಮಿರ್ಚಿ ಭಜಿ ತಿಂದರು. ಎಂಟು ಗಂಟೆಗೂ 0.02 ಇತ್ತು. ಅವತ್ತಿನಿಂದ ನನ್ನ ಗೆರೆ 0.03 ಅಲ್ಲ, ಸೊನ್ನೆ. ಕುಡಿದಿದ್ದು ಗೊತ್ತಿದ್ದೂ ಕೀ ಕೊಟ್ಟ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯ 188ನೇ ಸೆಕ್ಷನ್‌ನಲ್ಲಿ ಡ್ರೈವರನಷ್ಟೇ ಶಿಕ್ಷೆ ಇದೆ. ಮೊದಲ ಸಲಕ್ಕೆ ಆರು ತಿಂಗಳ ತನಕ ಜೈಲು ಅಥವಾ 10,000 ದಂಡ, ಇಲ್ಲಾ ಎರಡೂ. ಮತ್ತೆ ಸಿಕ್ಕರೆ ಎರಡು ವರ್ಷದ ತನಕ ಜೈಲು ಅಥವಾ 15,000 ದಂಡ, ಇಲ್ಲಾ ಎರಡೂ.

ಡ್ರೈವರುಗಳು ನಿಂತರಾ ಅಂತ ಕೇಳ್ತಾರೆ. ಹತ್ತು ಹನ್ನೆರಡು ಜನ ಹೋದರು. ನಿಂತವರಿಗೆ ತಿಂಗಳಿಗೆ 2,000 ಜಾಸ್ತಿ ಕೊಡ್ತೀನಿ. ನಾನೂ ಅವರ ಮುಂದೆ ಮೊದಲು ಊದುತ್ತೇನೆ. ಎರಡು ವರ್ಷದಲ್ಲಿ ಬಂಪರ್ ರಿಪೇರಿ ಬಿಟ್ಟರೆ ದೊಡ್ಡ ಖರ್ಚಿಲ್ಲ.

ಬಗೆಹರಿಯದಿರುವುದು ಒಂದೇ, ಮಾಲು ಇಳಿಸಿ ರಾತ್ರಿ ಖಾಲಿ ಗಾಡಿ ವಾಪಸ್ ಬರುವ ಹೊತ್ತು. ಒಂದು ಮೀಟರ್ ಕ್ಯಾಬಿನ್‌ನಲ್ಲೇ ಇಟ್ಟು ವಿಡಿಯೋ ಕಾಲ್‌ನಲ್ಲಿ ಊದಿಸಿ ನೋಡಿದೆ. ಮೂರನೇ ದಿನ ಕ್ಲೀನರ್ ಊದಿದ್ದ, ಮುಖ ಡ್ರೈವರದ್ದು. ಈ ತಿಂಗಳಿನಿಂದ ಭತ್ತೆ ಮುಂಗಡ ಅರ್ಧ ಮಾಡಿದ್ದೇನೆ. ಉಳಿದ ಅರ್ಧ ಹುಮನಾಬಾದ್ ದಾಟಿ, ಇಲ್ಲಿ ಬಂದು ಊದಿದ ಮೇಲೆ.